ಹಲ್ಲು ಕೀಳುವ ಮೊದಲು ಒಂದು ಎಕ್ಸ್-ರೇ

ಹಲ್ಲು ನೋಯುವವರು ಹೊತ್ತುಗೊತ್ತು ನೋಡದೆ ಡಾಕ್ಟರರನ್ನು ಹುಡುಕಿಕೊಂಡು ಹೋಗುತ್ತಾರೆ. ನೋವೇ ಇಲ್ಲದೆ ಕೆನ್ನೆ ದಪ್ಪವಾಗುತ್ತಿರುವವರು ಹೋಗುವುದಿಲ್ಲ. ‘ಬಾವು ಅದ, ತ್ರಾಸ ಏನಿಲ್ಲ’ ಎನ್ನುತ್ತಲೇ ಒಂದು ವರ್ಷ, ಎರಡು ವರ್ಷ ಕಳೆದುಹೋಗುತ್ತದೆ. ದವಡೆಯ ಎಲುಬಿನೊಳಗೆ ಹುಟ್ಟುವ, ಕ್ಯಾನ್ಸರ್ ಅಲ್ಲದ ಗಡ್ಡೆಗಳ ಸ್ವಭಾವವೇ ಹಾಗೆ. ಅವು ನಿಧಾನವಾಗಿ ಬೆಳೆಯುತ್ತವೆ. ಎಲುಬನ್ನು ಒಳಗಿನಿಂದ ಸವೆಸುತ್ತಾ ಹೊರಕ್ಕೆ ದಬ್ಬುತ್ತವೆ. ನರವನ್ನು ಪಕ್ಕಕ್ಕೆ ಸರಿಸುತ್ತವೆ, ಸಾಮಾನ್ಯವಾಗಿ ಅದನ್ನು ತಿನ್ನುವುದಿಲ್ಲ. ಹಾಗಾಗಿ ತುಟಿ ಜೋಮು ಹಿಡಿಯುವುದಿಲ್ಲ, ಊಟಕ್ಕೆ ತೊಂದರೆಯಾಗುವುದಿಲ್ಲ. ಮುಖ ಒಂದು ಕಡೆ ಓರೆಯಾಗಿದೆ ಎಂಬುದನ್ನು ದಿನಾ ಜೊತೆಗಿರುವ ಮನೆಯವರಿಗಿಂತ ಮೊದಲು ಗುರುತಿಸುವವರು ಬಹುದಿನದ ಮೇಲೆ ಸಿಕ್ಕ ನೆಂಟರು.

ಅಷ್ಟರಲ್ಲಿ ಆ ಜಾಗದ ಹಲ್ಲೊಂದು ಅಲ್ಲಾಡತೊಡಗಿರುತ್ತದೆ. ಅಲ್ಲಾಡುವ ಹಲ್ಲನ್ನು ಕೀಳಿಸುವುದು ಎಲ್ಲರಿಗೂ ಗೊತ್ತಿರುವ ಪರಿಹಾರ. ಕಿತ್ತ ಮೇಲೂ ಗಾಯ ಮಾಯುವುದಿಲ್ಲ, ಬಾವು ಇಳಿಯುವುದಿಲ್ಲ, ಮಾತ್ರೆಯ ಮೇಲೆ ಮಾತ್ರೆ ನುಂಗಿದರೂ ಫಲವಿಲ್ಲ. ಕೊನೆಗೆ ಯಾರೋ ಎಕ್ಸ್-ರೇ ತೆಗೆಸಿದಾಗ ಎಲುಬಿನಲ್ಲಿ ದೊಡ್ಡದೊಂದು ಟೊಳ್ಳು ಕಾಣುತ್ತದೆ. ಆ ಚಿತ್ರವನ್ನು ಹಲ್ಲು ಕೀಳುವ ಮೊದಲೇ ತೆಗೆದಿದ್ದರೆ ಎಷ್ಟು ಎಲುಬು ಉಳಿಯುತ್ತಿತ್ತು ಎಂಬ ಪ್ರಶ್ನೆ ಉತ್ತರ ಕನ್ನಡದ ಘಟ್ಟದ ಮೇಲಿನ ನಾಲ್ಕು ತಾಲ್ಲೂಕುಗಳಿಗೆ ವಿಶೇಷವಾಗಿ ಅನ್ವಯಿಸುತ್ತದೆ.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ. ಜಿಲ್ಲಾ ಕೇಂದ್ರ ಕಾರವಾರ ಘಟ್ಟದ ಕೆಳಗಿದೆ. ಮಳೆಗಾಲದಲ್ಲಿ ಅಣಶಿ ಘಟ್ಟದಲ್ಲಿ ಗುಡ್ಡ ಕುಸಿದು ರಸ್ತೆ ಬಂದಾಗುವುದೂ ಉಂಟು. ಹಾಗಾಗಿ ಇಲ್ಲಿನವರ ಆಸ್ಪತ್ರೆಯ ದಾರಿ ಬಯಲುಸೀಮೆಯ ಕಡೆಗೆ ಹೊರಳುತ್ತದೆ. ಹಳಿಯಾಳದಿಂದ ಧಾರವಾಡಕ್ಕೆ ಸುಮಾರು 35 ಕಿ.ಮೀ., ದಾಂಡೇಲಿಯಿಂದ ಸುಮಾರು 55. ಮುಂಡಗೋಡದವರಿಗೆ ಹುಬ್ಬಳ್ಳಿ ಹತ್ತಿರ, 45 ಕಿ.ಮೀ. ಆಸುಪಾಸು. ಜೋಯಿಡಾದ ರಾಮನಗರ, ಕ್ಯಾಸಲ್‌ರಾಕ್ ಕಡೆಯವರು ಬೆಳಗಾವಿಗೋ ಅನಮೋಡ ಘಟ್ಟ ಇಳಿದು ಗೋವೆಗೋ ಹೋಗುತ್ತಾರೆ. ಕಾಳಿ ನದಿಯ ಸುತ್ತಲಿನ ಕಾಡಿನೊಳಗಿನ ಡಿಗ್ಗಿ, ಕುಣಂಗದಂಥ ಊರುಗಳಿಂದ ಹೊರಟವರಿಗೆ ತಾಲ್ಲೂಕು ಕೇಂದ್ರ ಮುಟ್ಟುವುದೇ ಒಂದು ದಿನದ ಕೆಲಸ. ಕನ್ನಡ, ಕೊಂಕಣಿ, ಮರಾಠಿ, ಉರ್ದು, 1966ರಿಂದ ಮುಂಡಗೋಡದಲ್ಲಿ ನೆಲೆಸಿರುವ ಟಿಬೆಟನ್ನರ ಭಾಷೆ, ಇಷ್ಟೂ ಒಂದೇ ಆಸ್ಪತ್ರೆಯ ಸಾಲಿನಲ್ಲಿ ಕೇಳಿಬರಬಹುದಾದ ಪ್ರದೇಶ ಇದು. ‘ಬಾವು ಯಾವಾಗಿನಿಂದ ಇದೆ’ ಎಂಬ ಸರಳ ಪ್ರಶ್ನೆಗೆ ಸರಿಯಾದ ಉತ್ತರ ಪಡೆಯಲಿಕ್ಕೂ ಇಲ್ಲಿ ತಾಳ್ಮೆ ಬೇಕು.

ಇನ್ನೊಂದು ಅಡ್ಡಿ ಹೆದರಿಕೆಯದು. ಗುಟ್ಕಾ, ತಂಬಾಕು, ಎಲೆ-ಅಡಿಕೆ ಬಳಕೆ ದಟ್ಟವಾಗಿರುವ ಕಡೆ ಬಾಯಿಯ ಕ್ಯಾನ್ಸರಿನ ಭಯವೂ ದಟ್ಟವಾಗಿರುತ್ತದೆ. ದವಡೆ ಊದಿದರೆ ‘ಅದೇ ಇರಬೇಕು’ ಎಂದು ಮನಸ್ಸಿನಲ್ಲೇ ತೀರ್ಮಾನಿಸಿ, ಆ ಮಾತನ್ನು ಡಾಕ್ಟರರ ಬಾಯಿಂದ ಕೇಳಲಾರದೆ ಮನೆಯಲ್ಲೇ ಉಳಿಯುವವರಿದ್ದಾರೆ. ತಂಬಾಕಿನ ಕ್ಯಾನ್ಸರ್ ಬಾಯಿಯ ಒಳಚರ್ಮದಲ್ಲಿ ಹುಟ್ಟುತ್ತದೆ: ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲಾಗದ ಬಿಗಿತ. ಇಲ್ಲಿ ಹೇಳುತ್ತಿರುವ ಗಡ್ಡೆಗಳು ಎಲುಬಿನೊಳಗೆ ಹುಟ್ಟುತ್ತವೆ. ಬಹಳ ಕಾಲ ಮೇಲಿನ ವಸಡು ನಯವಾಗಿ, ಮಾಮೂಲಿ ಬಣ್ಣದಲ್ಲೇ ಇರುತ್ತದೆ. ತಂಬಾಕಿಗೂ ಇವಕ್ಕೂ ಸಂಬಂಧ ಸಿದ್ಧವಾಗಿಲ್ಲ. ಹಾಗಂತ ಕಣ್ಣಿನಿಂದ ನೋಡಿ ಇದು ಅದಲ್ಲ ಎನ್ನಲು ಬರುವುದಿಲ್ಲ. ಹೆದರಿ ಕೂರುವ ಬದಲು ನೋಡಿಸಿಕೊಳ್ಳಲು ಇದೇ ದೊಡ್ಡ ಕಾರಣ.

ಮನುಷ್ಯನ ದೇಹದಲ್ಲಿ ಬೇರೆ ಯಾವ ಎಲುಬಿಗೂ ಇಲ್ಲದ ಬಗೆಬಗೆಯ ಗಡ್ಡೆಗಳು ದವಡೆಗೆ ಯಾಕೆ ಬರುತ್ತವೆ? ಯಾಕೆಂದರೆ ಹಲ್ಲು ಹುಟ್ಟುವುದು ಇಲ್ಲಿ ಮಾತ್ರ. ಮಗು ಹೊಟ್ಟೆಯಲ್ಲಿರುವಾಗಲೇ ಬಾಯಿಯ ಒಳಪದರದ ಜೀವಕೋಶಗಳು ದವಡೆಯೊಳಕ್ಕೆ ಇಳಿದು ಹಲ್ಲಿನ ಮೊಳಕೆ ಕಟ್ಟುತ್ತವೆ. ಹಲ್ಲು ತಯಾರಾದ ಮೇಲೆ ಆ ಕೋಶಗಳ ಚೂರುಪಾರು ಎಲುಬಿನಲ್ಲೂ ವಸಡಿನಲ್ಲೂ ಉಳಿದುಬಿಡುತ್ತದೆ. ಸಾಮಾನ್ಯವಾಗಿ ಅವು ಜೀವನಪೂರ್ತಿ ಸುಮ್ಮನಿರುತ್ತವೆ. ಕೆಲವರಲ್ಲಿ ಮಾತ್ರ ಮತ್ತೆ ಬೆಳೆಯತೊಡಗುತ್ತವೆ. ಕೆಲವು ನೀರು ತುಂಬಿದ ಚೀಲಗಳಾಗುತ್ತವೆ, ಕೆಲವು ನಿಜವಾದ ಗಡ್ಡೆಗಳಾಗುತ್ತವೆ, ಕೆಲವು ಹಲ್ಲನ್ನೇ ಮತ್ತೆ ಮತ್ತೆ ತಯಾರಿಸುತ್ತವೆ.

ಈ ಕೊನೆಯ ಬಗೆಗೆ ಒಡಾಂಟೋಮಾ ಎಂದು ಹೆಸರು. 2014ರಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ಹದಿನೇಳರ ಹುಡುಗನೊಬ್ಬನ ದವಡೆಯಿಂದ 232 ಪುಟ್ಟ ಹಲ್ಲುಗಳನ್ನು ತೆಗೆದದ್ದು ಜಗತ್ತಿನಾದ್ಯಂತ ಸುದ್ದಿಯಾಯಿತು. 2019ರಲ್ಲಿ ಚೆನ್ನೈಯ ಸವೀತಾ ದಂತ ಕಾಲೇಜಿನಲ್ಲಿ ಏಳು ವರ್ಷದ ಬಾಲಕನ ಕೆಳದವಡೆಯಿಂದ 526 ಹಲ್ಲುಗಳು ಹೊರಬಂದಾಗ ಆ ದಾಖಲೆಯೂ ಮುರಿಯಿತು. ಎರಡೂ ಕಡೆ ಕಂಡದ್ದು ಬಾವು. ಅದರೊಳಗೆ ಹಲ್ಲುಗಳ ರಾಶಿಯಿದೆ ಎಂಬುದನ್ನು ತಿಳಿಸುವುದು ಎಕ್ಸ್-ರೇ ಮತ್ತು ಸ್ಕ್ಯಾನಿನ ಕೆಲಸ. ಒಡಾಂಟೋಮಾ ನಿರುಪದ್ರವಿ, ತೆಗೆದರೆ ಸಾಮಾನ್ಯವಾಗಿ ಮರಳಿ ಬರುವುದಿಲ್ಲ. ಶಾಲೆಗೆ ಹೋಗುವ ಮಗುವಿಗೆ ಹಾಲುಹಲ್ಲು ಬಿದ್ದು ಬಹಳ ಕಾಲವಾದರೂ ಕಾಯಂ ಹಲ್ಲು ಹುಟ್ಟದಿದ್ದರೆ ಅದರ ದಾರಿಗೆ ಇಂಥದ್ದೊಂದು ಅಡ್ಡ ನಿಂತಿರಬಹುದು. ಊರಿನ ಶಿಕ್ಷಕರು, ಆಶಾ ಕಾರ್ಯಕರ್ತೆಯರು ಸುಲಭವಾಗಿ ಗಮನಿಸಬಹುದಾದ ಸೂಚನೆ ಇದು.

ಅಮೆಲೊಬ್ಲಾಸ್ಟೋಮಾದ ಸಂಗತಿ ಬೇರೆ. ಹಲ್ಲಿನ ಗಡ್ಡೆಗಳಲ್ಲಿ ವೈದ್ಯರು ಹೆಚ್ಚು ತಲೆ ಕೆಡಿಸಿಕೊಳ್ಳುವುದು ಇದರ ಬಗ್ಗೆ. ಇದು ಕ್ಯಾನ್ಸರ್ ಅಲ್ಲ, ಆದರೆ ಹಠಮಾರಿ. ನೂರರಲ್ಲಿ ಸುಮಾರು ಎಂಬತ್ತು ಕೆಳದವಡೆಯಲ್ಲಿ, ಅದರಲ್ಲೂ ಬುದ್ಧಿಹಲ್ಲಿನ ಹಿಂದುಮುಂದಿನ ಎಲುಬಿನಲ್ಲಿ ಬರುತ್ತವೆ; ಬಹುತೇಕ ರೋಗಿಗಳು ದುಡಿಯುವ ವಯಸ್ಸಿನವರು. 1827ರಲ್ಲೇ ಇದರ ವಿವರಣೆ ದಾಖಲಾಗಿತ್ತು. ಈಗಿನ ಹೆಸರು ಬಂದದ್ದು 1930ರಲ್ಲಿ. ಜಗತ್ತಿನ ಅಧ್ಯಯನಗಳನ್ನು ಒಟ್ಟುಗೂಡಿಸಿದ ಲೆಕ್ಕದ ಪ್ರಕಾರ ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಸರಿಸುಮಾರು ಒಬ್ಬರಿಗೆ ಇದು ಬರುತ್ತದೆ. 2011ರ ಜನಗಣತಿಯಂತೆ ಉತ್ತರ ಕನ್ನಡದ ಜನಸಂಖ್ಯೆ 14.37 ಲಕ್ಷ. ಆ ಲೆಕ್ಕ ಇಲ್ಲಿಗೆ ಹೊಂದುವುದಾದರೆ ಇಡೀ ಜಿಲ್ಲೆಗೆ ವರ್ಷಕ್ಕೆ ಒಂದೋ ಎರಡೋ. ಅಂದರೆ ತಾಲ್ಲೂಕಿನ ಹಲ್ಲಿನ ಡಾಕ್ಟರರೊಬ್ಬರು ತಮ್ಮ ವೃತ್ತಿಯಲ್ಲಿ ಇದನ್ನು ಬೆರಳೆಣಿಕೆಯಷ್ಟು ಸಲ ಕಂಡರೆ ಹೆಚ್ಚು. ದಿನಕ್ಕೆ ಹತ್ತಾರು ಹುಳುಕು ಹಲ್ಲು ನೋಡುವ ಕಣ್ಣಿಗೆ ಇದು ಜಾರಿಹೋಗುವುದು ಸಹಜ. ಅದಕ್ಕೇ ಅನುಮಾನದ ಕೆಲಸವನ್ನು ಕಣ್ಣಿಗೆ ಬಿಡದೆ ಚಿತ್ರಕ್ಕೆ ಒಪ್ಪಿಸಬೇಕು.

ಚಿತ್ರದ ಇತಿಹಾಸ ದಂತವೈದ್ಯಕ್ಕೆ ಬಲು ಬೇಗ ಕೂಡಿಕೊಂಡಿತು. ರಾಂಟ್ಜೆನ್ 1895ರ ನವೆಂಬರ್ 8ರಂದು ಎಕ್ಸ್-ಕಿರಣ ಕಂಡುಹಿಡಿದ. 1896ರ ಜನವರಿಯಲ್ಲೇ ಜರ್ಮನಿಯ ಓಟೊ ವಾಲ್ಖಾಫ್ ತನ್ನದೇ ಹಲ್ಲುಗಳ ಚಿತ್ರ ತೆಗೆಸಿಕೊಂಡ; ಅದಕ್ಕಾಗಿ 25 ನಿಮಿಷ ಅಲ್ಲಾಡದೆ ಇರಬೇಕಾಯಿತು. ಇಂದು ಅದೇ ಚಿತ್ರಕ್ಕೆ ಒಂದು ಸೆಕೆಂಡಿಗೂ ಕಡಿಮೆ ಸಾಕು.

ಹಲ್ಲಿನ ಕುರ್ಚಿಯ ಪಕ್ಕದಲ್ಲೇ ತೆಗೆಯುವ ಚಿಕ್ಕ ಎಕ್ಸ್-ರೇ ಎರಡು ಮೂರು ಹಲ್ಲು ಹಿಡಿಸುವಷ್ಟು ಅಗಲ, ಮೂರು ಸೆಂಟಿಮೀಟರಿಗೆ ನಾಲ್ಕು. ಹುಳುಕು, ಬೇರಿನ ತುದಿಯ ಕೀವು ನೋಡಲು ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಗಡ್ಡೆ ಆ ಚೌಕಟ್ಟಿಗಿಂತ ದೊಡ್ಡದಾಗಿದ್ದರೆ ಅದರ ಮಧ್ಯಭಾಗವಷ್ಟೇ ಚಿತ್ರದಲ್ಲಿ ಬೀಳುತ್ತದೆ. ಅಂಚು ಕಾಣದಿದ್ದರೆ ಅರ್ಥವೂ ಆಗದು. ಇನ್ನೊಂದು ಮಿತಿ: ಆ ಜಾಗದ ಎಲುಬಿನ ಖನಿಜಾಂಶದಲ್ಲಿ ಶೇ 30ರಿಂದ 50ರಷ್ಟು ನಷ್ಟವಾಗುವವರೆಗೂ ಮಾಮೂಲಿ ಎಕ್ಸ್-ರೇಯಲ್ಲಿ ಬದಲಾವಣೆ ಎದ್ದು ಕಾಣುವುದಿಲ್ಲ. ‘ಎಕ್ಸ್-ರೇ ನಾರ್ಮಲ್ ಇದೆ’ ಎಂಬುದು ಆ ದಿನದ ಮಾತು ಮಾತ್ರ. ಬಾವು ಮುಂದುವರಿದರೆ ಮತ್ತೆ ತೆಗೆಸಲೇಬೇಕು.

ಇಲ್ಲೊಂದು ಮರೆತುಹೋಗುತ್ತಿರುವ ವಿದ್ಯೆಯ ಬಗ್ಗೆ ಹೇಳಬೇಕು. ಇಡೀ ದವಡೆಯನ್ನು ಒಂದೇ ಚಿತ್ರದಲ್ಲಿ ತೋರಿಸುವ ದುಬಾರಿ ಯಂತ್ರ ಇಲ್ಲದ ಕಡೆಯೂ ಕೈಕಾಲು ಮುರಿತಕ್ಕೆ ಬಳಸುವ ಸಾಮಾನ್ಯ ಎಕ್ಸ್-ರೇ ಯಂತ್ರದಿಂದ ದವಡೆಯ ಓರೆ ಚಿತ್ರ ತೆಗೆಯಬಹುದು. ಕೆನ್ನೆಯನ್ನು ಫಿಲ್ಮಿಗೆ ಒತ್ತಿ, ತಲೆ ಓರೆ ಮಾಡಿ, ಎದುರು ದವಡೆಯ ಕೆಳಗಿನಿಂದ ಕಿರಣ ಹಾಯಿಸಿದರೆ ಒಂದು ಬದಿಯ ಕೆಳದವಡೆ ದವಡೆ ಹಲ್ಲುಗಳಿಂದ ಹಿಡಿದು ಕಿವಿಯ ಹತ್ತಿರದವರೆಗೂ ಕಾಣುತ್ತದೆ. ಹಲ್ಲಿನ ಯಂತ್ರದಲ್ಲೇ ದೊಡ್ಡ ಫಿಲ್ಮನ್ನು ಹಲ್ಲುಗಳ ನಡುವೆ ಕಚ್ಚಿಸಿ ಕೆಳಗಿನಿಂದ ತೆಗೆದರೆ ಎಲುಬು ಕೆನ್ನೆಯ ಕಡೆಗೆ ಉಬ್ಬಿದೆಯೋ ನಾಲಿಗೆಯ ಕಡೆಗೋ ಗೊತ್ತಾಗುತ್ತದೆ. ಅಮೆಲೊಬ್ಲಾಸ್ಟೋಮಾ ಹೆಚ್ಚಾಗಿ ಬರುವ ಜಾಗವೇ ಕೆಳದವಡೆಯ ಹಿಂಭಾಗ ಎಂದ ಮೇಲೆ, ಈ ಎರಡು ಹಳೆಯ ಚಿತ್ರಗಳು ಅನುಮಾನ ಹುಟ್ಟಿಸಲು ಸಾಕು. ರೋಗನಿರ್ಣಯ ಧಾರವಾಡದಲ್ಲೋ ಹುಬ್ಬಳ್ಳಿಯಲ್ಲೋ ಆಗಲಿ. ಅನುಮಾನ ತಾಲ್ಲೂಕಿನಲ್ಲೇ ಹುಟ್ಟಬೇಕು. ಬಸ್ ಚಾರ್ಜು, ಒಂದು ದಿನದ ಕೂಲಿ, ಜೊತೆಗೆ ಬರುವವರ ಕೂಲಿ, ಇಷ್ಟನ್ನು ಖರ್ಚು ಮಾಡಿ ಹೋಗಿ ಎಂದು ಒಬ್ಬರಿಗೆ ಹೇಳಬೇಕಾದರೆ ಕೈಯಲ್ಲಿ ಒಂದು ಚಿತ್ರವಿರಬೇಕು. ‘ಇಲ್ಲಿ ನೋಡಿ, ಎಲುಬು ಕರಗಿದೆ’ ಎಂದು ಬೆರಳಿಟ್ಟು ತೋರಿಸಿದಾಗ ಜನ ಹೊರಡುತ್ತಾರೆ. ಬರೀ ಬಾಯಿಮಾತಿಗೆ ಹೊರಡುವುದು ಕಷ್ಟ.

ಮುಂದಿನ ಹಂತ ಓಪಿಜಿ. ಫಿನ್ಲೆಂಡಿನ ಯೂರ್ಯೊ ಪಾಟೆರೊ 1940ರ ದಶಕದ ಕೊನೆಯಲ್ಲಿ ರೂಪಿಸಲು ತೊಡಗಿದ ಈ ತಂತ್ರದ ಯಂತ್ರ 1961ರಲ್ಲಿ ಮಾರುಕಟ್ಟೆಗೆ ಬಂತು. ರೋಗಿ ನಿಂತಿರುತ್ತಾರೆ, ಯಂತ್ರದ ತೋಳು ಹದಿನೈದು ಸೆಕೆಂಡಿನ ಆಸುಪಾಸಿನಲ್ಲಿ ತಲೆಯ ಸುತ್ತ ತಿರುಗಿ ಎರಡೂ ದವಡೆ, ಎಲ್ಲ ಹಲ್ಲು, ಎರಡೂ ಕೀಲುಗಳನ್ನು ಒಂದು ಉದ್ದನೆಯ ಚಿತ್ರವಾಗಿ ಬಿಡಿಸಿಡುತ್ತದೆ. ಬಾಯೊಳಗೆ ಫಿಲ್ಮ್ ಇಡುವ ಕಿರಿಕಿರಿಯಿಲ್ಲ. ಆದರೆ ಒಡವೆಗಳನ್ನು ತೆಗೆಯಲೇಬೇಕು. ಕಿವಿಯೋಲೆ ಹಾಗೇ ಇದ್ದರೆ ಅದರ ನೆರಳು ಎದುರು ಬದಿಯಲ್ಲಿ, ಇನ್ನೂ ಮೇಲಕ್ಕೆ, ದೊಡ್ಡದಾಗಿ ಮಸುಕಾಗಿ ಬೀಳುತ್ತದೆ. ಗೊತ್ತಿಲ್ಲದವರು ಅದನ್ನೇ ಮೇಲ್ದವಡೆಯ ಗಡ್ಡೆ ಅಂದುಕೊಳ್ಳಬಹುದು. ಮೂಗುಬೊಟ್ಟು, ಸರ, ಹೇರ್‌ಪಿನ್ ಎಲ್ಲವೂ ಹಾಗೆಯೇ. ಮಂಗಳಸೂತ್ರ ತೆಗೆಯಲು ಹಿಂಜರಿಯುವ ಹೆಂಗಸರಿಗೆ ಯಾಕೆ ತೆಗೆಯಬೇಕೆಂದು ಅವರ ಭಾಷೆಯಲ್ಲಿ ಒಂದು ನಿಮಿಷ ವಿವರಿಸಿದರೆ ಮತ್ತೊಮ್ಮೆ ಕಿರಣ ಹಾಯಿಸುವ ಕೆಲಸ ತಪ್ಪುತ್ತದೆ.

ಓಪಿಜಿ ಮುಂದಿಟ್ಟುಕೊಂಡು ರೇಡಿಯಾಲಜಿ ವೈದ್ಯರು ಏನು ನೋಡುತ್ತಾರೆ? ಮೊದಲು ಜಾಗ. ಕೆಳದವಡೆಯ ಉದ್ದಕ್ಕೂ ನರ ಹಾಯುವ ಒಂದು ಕಾಲುವೆ ಇದೆ. ಹಲ್ಲಿನ ಮೂಲದ ಗಡ್ಡೆಗಳು ಅದರ ಮೇಲ್ಗಡೆ ಹುಟ್ಟುತ್ತವೆ. ಆಮೇಲೆ ಅಂಚು. ನಿಧಾನವಾಗಿ ಬೆಳೆಯುವುದರ ಸುತ್ತ ಎಲುಬಿಗೆ ಬೇಲಿ ಕಟ್ಟಿಕೊಳ್ಳಲು ಸಮಯ ಸಿಗುತ್ತದೆ, ಹಾಗಾಗಿ ತೆಳ್ಳನೆಯ ಬಿಳಿ ಗೆರೆ ಕಾಣುತ್ತದೆ. ಕ್ಯಾನ್ಸರ್ ಆ ಸಮಯ ಕೊಡುವುದಿಲ್ಲ. ಅಂಚು ಹುಳು ತಿಂದಂತೆ ಹರಿದಿರುತ್ತದೆ, ಸುತ್ತ ಎಲುಬಿಲ್ಲದೆ ಹಲ್ಲುಗಳು ತೇಲುತ್ತಿರುವಂತೆ ತೋರುತ್ತವೆ. ಕಾಲುವೆ ಕೆಳಕ್ಕೆ ದಬ್ಬಲ್ಪಟ್ಟಿದೆಯೋ ಕೊರೆಯಲ್ಪಟ್ಟಿದೆಯೋ, ಹಲ್ಲಿನ ಬೇರು ಸರಿದಿದೆಯೋ ಚಾಕುವಿನಿಂದ ಕತ್ತರಿಸಿದಂತೆ ಕರಗಿದೆಯೋ ಎಂಬುದೂ ಸುಳಿವು. ಅಮೆಲೊಬ್ಲಾಸ್ಟೋಮಾ ಬೇರುಗಳನ್ನು ಹಾಗೆ ಕರಗಿಸುವುದರಲ್ಲಿ ಕುಖ್ಯಾತಿ ಪಡೆದಿದೆ. ಅದರ ಒಳಭಾಗ ಹಲವು ಕೋಣೆಗಳಾಗಿ ಒಡೆದಿದ್ದರೆ ದೊಡ್ಡ ಕೋಣೆಗಳಿಗೆ ಸೋಪಿನ ಗುಳ್ಳೆ, ಚಿಕ್ಕವಕ್ಕೆ ಜೇನುಗೂಡು ಎಂದು ಪಠ್ಯಪುಸ್ತಕಗಳೇ ಹೆಸರಿಟ್ಟಿವೆ.

ಉಬ್ಬಿದ ಬಗೆಯೂ ಮಾತಾಡುತ್ತದೆ. ಅಮೆಲೊಬ್ಲಾಸ್ಟೋಮಾ ಎಲುಬನ್ನು ಕೆನ್ನೆಯತ್ತಲೂ ನಾಲಿಗೆಯತ್ತಲೂ ಉಬ್ಬಿಸುತ್ತದೆ. ಕೆರಾಟೊಸಿಸ್ಟ್ ಎಂಬ ಇನ್ನೊಂದು ಹಾಗಲ್ಲ. ಅದು ಎಲುಬಿನ ಒಳಮಜ್ಜೆಯ ಉದ್ದಕ್ಕೂ ಹಿಂದುಮುಂದಾಗಿ ಹರಡುತ್ತದೆ, ಹೊರಗೆ ಬಾವು ಕಾಣಿಸುವ ಹೊತ್ತಿಗೆ ಅರ್ಧ ದವಡೆ ಖಾಲಿಯಾಗಿರಬಹುದು. ಇದನ್ನು ಗಡ್ಡೆ ಎನ್ನಬೇಕೋ ನೀರ್ಗುಳ್ಳೆ ಎನ್ನಬೇಕೋ ಎಂಬ ಚರ್ಚೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಗಡ್ಡೆಗಳ ಪಟ್ಟಿಗೆ ಸೇರಿಸಿ, 2017ರಲ್ಲಿ ಮತ್ತೆ ನೀರ್ಗುಳ್ಳೆಗಳ ಪಟ್ಟಿಗೆ ಮರಳಿಸಿತು. ಒಬ್ಬರಲ್ಲೇ ಇಂಥವು ಹಲವು ಕಂಡರೆ ಅದು ಗಾರ್ಲಿನ್ ಸಿಂಡ್ರೋಮ್ ಎಂಬ ವಂಶವಾಹಿ ಸಮಸ್ಯೆಯ ಗುರುತಾಗಿರಬಹುದು. ಚರ್ಮದ ಕ್ಯಾನ್ಸರ್ ಮೊದಲಾದವನ್ನು ಹುಡುಕಬೇಕಾಗುತ್ತದೆ. ಹಲ್ಲಿನ ಒಂದು ಚಿತ್ರ ಇಡೀ ದೇಹದ ಪರೀಕ್ಷೆಗೆ ಬಾಗಿಲಾಗುವುದು ಹೀಗೆ.

ವಯಸ್ಸು, ಹೆಣ್ಣೋ ಗಂಡೋ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಇಪ್ಪತ್ತರೊಳಗಿನ ಹುಡುಗಿಯ ಮೇಲ್ದವಡೆಯಲ್ಲಿ, ಹುಟ್ಟದೆ ಉಳಿದ ಕೋರೆಹಲ್ಲಿನ ಸುತ್ತ, ಒಳಗೆ ಹಿಟ್ಟು ಚೆಲ್ಲಿದಂಥ ಬಿಳಿ ಚುಕ್ಕೆಗಳಿರುವ ಕಪ್ಪು ಜಾಗ ಕಂಡರೆ ಅಡಿನೊಮಟಾಯ್ಡ್ ಓಡಾಂಟೊಜೆನಿಕ್ ಟ್ಯೂಮರ್ ನೆನಪಾಗಬೇಕು. ಇದು ಚಿಪ್ಪು ಸುಲಿದಂತೆ ಬಿಡಿಸಿ ತೆಗೆಯಬಹುದಾದ ಸೌಮ್ಯ ಗಡ್ಡೆ. ಇದಕ್ಕೆ ದವಡೆ ಕತ್ತರಿಸಿದರೆ ಅನ್ಯಾಯ. ಡೆನ್ಮಾರ್ಕಿನ ಪಿಂಡ್‌ಬೋರ್ಗ್ 1955ರಲ್ಲಿ ವಿವರಿಸಿದ, ಸುಣ್ಣ ಕಟ್ಟುವ ಇನ್ನೊಂದು ಗಡ್ಡೆ ಇಂದಿಗೂ ಆತನ ಹೆಸರಿನಲ್ಲೇ ಇದೆ. ಅದೇ ಪಿಂಡ್‌ಬೋರ್ಗ್ ಮುಂದೆ ಮುಂಬೈಯ ಫಲಿ ಮೆಹ್ತಾ ತಂಡದ ಜೊತೆ ಸೇರಿ ಐವತ್ತು ಸಾವಿರಕ್ಕೂ ಹೆಚ್ಚು ಭಾರತೀಯ ಹಳ್ಳಿಗರ ಬಾಯಿ ಪರೀಕ್ಷೆಯ ಅಧ್ಯಯನದಲ್ಲಿ ಕೆಲಸ ಮಾಡಿದರು. ಹಳ್ಳಿಗೇ ಹೋಗಿ ಬಾಯಿ ತೆರೆಸಿ ನೋಡುವ ಆ ಪದ್ಧತಿ ಕಾಳಿ ಕಣಿವೆಗೆ ಇಂದಿಗೂ ಬೇಕಾಗಿದೆ.

ಎಲ್ಲ ಕಪ್ಪು ಜಾಗವೂ ರೋಗವಲ್ಲ ಎಂಬುದನ್ನೂ ಚಿತ್ರವೇ ಹೇಳಬೇಕು. ಕೆಳದವಡೆಯ ಹಿಂಬದಿಯಲ್ಲಿ, ನರದ ಕಾಲುವೆಗಿಂತ ಕೆಳಗೆ, ಗುಂಡಗಿನ ಕಪ್ಪು ಚುಕ್ಕೆಯೊಂದು ಕೆಲವರಲ್ಲಿ ಕಾಣುತ್ತದೆ. ಜೊಲ್ಲುಗ್ರಂಥಿ ಒರಗಿ ಎಲುಬಿನಲ್ಲಿ ಮೂಡಿದ ತಗ್ಗು ಅದು. 1942ರಲ್ಲಿ ಸ್ಟಾಫ್ನೆ ಎಂಬವರು ವರದಿ ಮಾಡಿದರು. ಅದಕ್ಕೆ ಯಾವ ಚಿಕಿತ್ಸೆಯೂ ಬೇಡ. ನಡುವಯಸ್ಸಿನ ಹೆಂಗಸರ ಕೆಳಗಿನ ಮುಂದಲ್ಲುಗಳ ಬೇರಿನ ತುದಿಯಲ್ಲಿ ಬರುವ ಇನ್ನೊಂದು ಬದಲಾವಣೆ ಮೊದಲು ಕಪ್ಪಾಗಿ, ವರ್ಷಗಳು ಕಳೆದಂತೆ ಬೆಳ್ಳಗಾಗುತ್ತದೆ. ಹಲ್ಲುಗಳಿಗೆ ಜೀವ ಇದ್ದೇ ಇರುತ್ತದೆ. ತಣ್ಣನೆಯದನ್ನು ಮುಟ್ಟಿಸಿ ಹಲ್ಲಿನ ಜೀವ ಪರೀಕ್ಷಿಸದೆ ಅದನ್ನು ಕೀವು ಎಂದು ತಿಳಿದರೆ ಒಳ್ಳೆಯ ಹಲ್ಲುಗಳಿಗೆ ರೂಟ್ ಕೆನಾಲ್ ಆಗಿಬಿಡುತ್ತದೆ. ಹುಡುಗು ವಯಸ್ಸಿನಲ್ಲಿ ದವಡೆ ಉಬ್ಬಿಸಿ, ಎಕ್ಸ್-ರೇಯಲ್ಲಿ ಮಸುಕು ಗಾಜಿನಂತೆ ಕಾಣುವ ಫೈಬ್ರಸ್ ಡಿಸ್‌ಪ್ಲೇಸಿಯಾ ಬೆಳವಣಿಗೆ ಮುಗಿದ ಮೇಲೆ ಬಹುಮಟ್ಟಿಗೆ ನಿಲ್ಲುತ್ತದೆ. ಅಲ್ಲಿ ಅವಸರದ ಶಸ್ತ್ರಚಿಕಿತ್ಸೆಗಿಂತ ಕಾದು ನೋಡುವುದೇ ಹೆಚ್ಚಿನ ವೇಳೆ ಸರಿಯಾದ ದಾರಿ.

ಓಪಿಜಿಗೆ ಉದ್ದ-ಎತ್ತರ ಗೊತ್ತು, ದಪ್ಪ ಗೊತ್ತಿಲ್ಲ. ಮೇಲ್ದವಡೆಯಲ್ಲಂತೂ ಸೈನಸ್, ಮೂಗು, ಕೆನ್ನೆಯೆಲುಬು ಒಂದರ ಮೇಲೊಂದು ಬಿದ್ದು ಗೊಂದಲವಾಗುತ್ತದೆ. ಆಗ ಸಿಟಿ ಸ್ಕ್ಯಾನ್ ಬೇಕು. ಹೌನ್ಸ್‌ಫೀಲ್ಡ್ ರೂಪಿಸಿದ ಯಂತ್ರದಲ್ಲಿ 1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಮೊದಲ ರೋಗಿಯ ತಲೆ ಸ್ಕ್ಯಾನ್ ಆಯಿತು. 1979ರಲ್ಲಿ ಈ ಕೆಲಸಕ್ಕಾಗಿ ಅವರಿಗೂ ಕಾರ್ಮ್ಯಾಕ್ ಎಂಬ ಇನ್ನೊಬ್ಬ ವಿಜ್ಞಾನಿಗೂ ನೊಬೆಲ್ ಬಂತು. ಗಡ್ಡೆ ಎಲುಬಿನ ಗೋಡೆ ಒಡೆದು ಸ್ನಾಯುವಿಗೆ ಹಬ್ಬಿದೆಯೇ, ಕಣ್ಣಿನ ಗೂಡಿನ ತಳ ಮುಟ್ಟಿದೆಯೇ ಎಂಬುದಕ್ಕೆ ಸಿಟಿ ಉತ್ತರಿಸುತ್ತದೆ. 1990ರ ದಶಕದ ಕೊನೆಗೆ ಇಟಲಿ ಮತ್ತು ಜಪಾನಿನಲ್ಲಿ ಹಲ್ಲು-ದವಡೆಗೆಂದೇ ಬಂದ ಸಿಬಿಸಿಟಿ ಕಡಿಮೆ ಕಿರಣದಲ್ಲಿ ಎಲುಬಿನ ಸೂಕ್ಷ್ಮ ವಿವರ ಕೊಡುತ್ತದೆ, ಆದರೆ ಮೃದು ಭಾಗಗಳನ್ನು ಚೆನ್ನಾಗಿ ತೋರಿಸುವುದಿಲ್ಲ. ಗಡ್ಡೆಯೊಳಗೆ ಬರೀ ನೀರಿದೆಯೋ ಗಟ್ಟಿ ಮಾಂಸವಿದೆಯೋ ಎಂದು ಬಿಡಿಸಿ ಹೇಳುವುದರಲ್ಲಿ ಎಂಆರ್‌ಐ ಮುಂದು. ಎಲ್ಲರಿಗೂ ಎಲ್ಲವೂ ಬೇಕಿಲ್ಲ. ಸಣ್ಣ ಒಡಾಂಟೋಮಾಗೆ ಓಪಿಜಿಯೇ ಸಾಕಾಗಬಹುದು.

ಕಿರಣದ ಭಯಕ್ಕೂ ಅಳತೆ ಬೇಕು. ನೆಲ, ಗಾಳಿ, ಆಕಾಶದಿಂದ ಸಹಜವಾಗಿ ಒಬ್ಬರಿಗೆ ವರ್ಷಕ್ಕೆ ಜಾಗತಿಕ ಸರಾಸರಿಯಲ್ಲಿ 2,400 ಮೈಕ್ರೋಸೀವರ್ಟ್ ವಿಕಿರಣ ತಗಲುತ್ತದೆ. ಒಂದು ಓಪಿಜಿಯದು ಸಾಮಾನ್ಯವಾಗಿ 10ರಿಂದ 25. ಅಂದರೆ ಎರಡು ದಿನದಿಂದ ನಾಲ್ಕು ದಿನದ ಸಹಜ ಪಾಲು. ದವಡೆಯ ಸಿಟಿ ನೂರಾರು ಮೈಕ್ರೋಸೀವರ್ಟ್, ಕೆಲವೊಮ್ಮೆ ಸಾವಿರ ದಾಟುತ್ತದೆ. ಆದ್ದರಿಂದ ಸಿಟಿಯನ್ನು ಬೇಕಾದಾಗ ಮಾತ್ರ, ಅದರಲ್ಲೂ ಮಕ್ಕಳಿಗೆ ಯೋಚಿಸಿ ಮಾಡಿಸುವುದು. ಗರ್ಭಿಣಿಯರು ಮೊದಲೇ ತಿಳಿಸುವುದು.

ಇಷ್ಟೆಲ್ಲ ಆದ ಮೇಲೂ ಚಿತ್ರ ಕೊಡುವುದು ಅನುಮಾನಗಳ ಒಂದು ಚಿಕ್ಕ ಪಟ್ಟಿ. ಸಹಿ ಹಾಕುವುದು ಬಯಾಪ್ಸಿ. ಸೂಜಿ ಚುಚ್ಚಿದರೆ, ಚೂರು ತೆಗೆದರೆ ಗಡ್ಡೆ ಕ್ಯಾನ್ಸರ್ ಆಗಿ ಹರಡುತ್ತದೆ ಎಂಬ ನಂಬಿಕೆ ಊರೂರಲ್ಲಿದೆ, ಅದು ನಿಜವಲ್ಲ. ಆದರೆ ಚಿತ್ರಕ್ಕಿಂತ ಮೊದಲು ಚಾಕು ಹಾಕುವುದು ನಿಜಕ್ಕೂ ಅಪಾಯ. ದವಡೆಯೊಳಗಿನ ರಕ್ತನಾಳಗಳ ಗಂಟು ಕೂಡ ಎಕ್ಸ್-ರೇಯಲ್ಲಿ ಕೋಣೆ ಕೋಣೆಯಾಗಿ ಕಾಣಬಹುದು. ಅದರ ಮೇಲಿನ ಅಲ್ಲಾಡುವ ಹಲ್ಲನ್ನು ಕಿತ್ತರೆ ಕುರ್ಚಿಯಲ್ಲೇ ಪ್ರಾಣಕ್ಕೆ ಬರುವಷ್ಟು ರಕ್ತ ಹರಿದ ಪ್ರಕರಣಗಳು ವೈದ್ಯಸಾಹಿತ್ಯದಲ್ಲಿ ದಾಖಲಾಗಿವೆ. ಅದಕ್ಕೇ ಕಪ್ಪು ಟೊಳ್ಳಿಗೆ ಮೊದಲು ಸೂಜಿ ಹಾಕಿ ಎಳೆದು ನೋಡುತ್ತಾರೆ: ಒಣಹುಲ್ಲಿನ ಬಣ್ಣದ ನೀರು ಬಂದರೆ ಒಂದು ಅರ್ಥ, ಕೆನೆಯಂಥದ್ದು ಬಂದರೆ ಕೆರಾಟೊಸಿಸ್ಟ್, ಸಿರಿಂಜು ತಾನಾಗಿ ಕೆಂಪು ತುಂಬಿಕೊಂಡರೆ ಅಲ್ಲೇ ಕೈ ತೆಗೆಯುವುದು. ಬಯಾಪ್ಸಿಯಲ್ಲಿ ದೈತ್ಯಕೋಶಗಳು ಕಂಡರೆ ರಕ್ತದ ಕ್ಯಾಲ್ಸಿಯಂ, ಪ್ಯಾರಾಥೈರಾಯ್ಡ್ ಹಾರ್ಮೋನು ನೋಡಬೇಕು. ಕುತ್ತಿಗೆಯ ಆ ಪುಟ್ಟ ಗ್ರಂಥಿ ಅತಿಯಾಗಿ ಕೆಲಸ ಮಾಡಿದಾಗಲೂ ದವಡೆಯಲ್ಲಿ ಗಡ್ಡೆ ಹುಟ್ಟುತ್ತದೆ. ಆಗ ಚಿಕಿತ್ಸೆ ನಡೆಯಬೇಕಾದದ್ದು ಕುತ್ತಿಗೆಗೆ.

ಧಾರವಾಡದ ಸತ್ತೂರಿನಲ್ಲಿ 1986ರಲ್ಲಿ ಶುರುವಾದ ಎಸ್‌ಡಿಎಂ ದಂತ ವೈದ್ಯಕೀಯ ಕಾಲೇಜು, ಮುಖ-ತಲೆಬುರುಡೆ ಶಸ್ತ್ರಚಿಕಿತ್ಸೆಗೆಂದೇ ಅಲ್ಲಿರುವ ಘಟಕ, ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್), ಬೆಳಗಾವಿಯ ಕೆಎಲ್‌ಇ ದಂತ ಕಾಲೇಜು, ಗೋವೆಯ ಬಾಂಬೋಳಿಯಲ್ಲಿರುವ ಸರ್ಕಾರಿ ದಂತ ಕಾಲೇಜು, ಹೀಗೆ ನಾಲ್ಕೂ ತಾಲ್ಲೂಕುಗಳವರಿಗೆ ಒಂದಲ್ಲ ಒಂದು ದಿಕ್ಕಿನಲ್ಲಿ ದೊಡ್ಡ ಆಸ್ಪತ್ರೆಯಿದೆ. ದಂತ ಕಾಲೇಜಿನ ಅನುಕೂಲವೆಂದರೆ ಚಿತ್ರ ಓದುವವರು, ಚೂರು ಪರೀಕ್ಷಿಸುವವರು, ಶಸ್ತ್ರಚಿಕಿತ್ಸೆ ಮಾಡುವವರು ಒಂದೇ ಕಟ್ಟಡದಲ್ಲಿ ಕೂತು ಮಾತಾಡಿಕೊಳ್ಳುತ್ತಾರೆ. ಖರ್ಚಿನ ಚಿಂತೆಗೆ 2018ರಿಂದ ಇರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ತಾಲ್ಲೂಕು ಆಸ್ಪತ್ರೆಗೆ ಮೊದಲು ಹೋಗಿ ರೆಫರಲ್ ಚೀಟಿ ಮಾಡಿಸಿಕೊಂಡು, ಕಾರ್ಡುಗಳ ಜೊತೆ ಹೊರಟರೆ ಅಲ್ಲಿಂದ ವಾಪಸ್ ಅಲೆಯುವುದು ತಪ್ಪುತ್ತದೆ. ದಾಂಡೇಲಿಯ ಕಾಗದ ಕಾರ್ಖಾನೆಯಂಥ ಕಡೆ ದುಡಿಯುವ, ಇಎಸ್‌ಐ ವ್ಯಾಪ್ತಿಯಲ್ಲಿರುವ ಕಾರ್ಮಿಕರು ಊರಿನ ಇಎಸ್‌ಐ ಆಸ್ಪತ್ರೆಯಿಂದಲೇ ದಾರಿ ಕೇಳಬಹುದು.

ಚಿತ್ರ ಬೇಗ ಸಿಕ್ಕರೆ ಏನು ಲಾಭ ಎಂಬುದನ್ನು ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಸೆಂಟಿಮೀಟರಿನಲ್ಲಿ ಅಳೆಯಬಹುದು. ಅಮೆಲೊಬ್ಲಾಸ್ಟೋಮಾದ ಕೋಶಗಳು ಚಿತ್ರದಲ್ಲಿ ಕಾಣುವ ಅಂಚಿನಾಚೆಗೂ ಎಲುಬಿನ ರಂಧ್ರಗಳಲ್ಲಿ 2ರಿಂದ 8 ಮಿ.ಮೀ. ನುಸುಳಿರುತ್ತವೆ. ಹಾಗಾಗಿ ಕೆರೆದು ತೆಗೆದರೆ ಹಲವರಿಗೆ ಮರಳಿ ಬರುತ್ತದೆ. ವರದಿಗಳ ಪ್ರಕಾರ ಹತ್ತರಲ್ಲಿ ನಾಲ್ವರಿಗೆ, ಕೆಲವು ವರದಿಗಳಲ್ಲಿ ಅದಕ್ಕೂ ಹೆಚ್ಚು ಜನರಿಗೆ. ಸುತ್ತ ಒಂದರಿಂದ ಎರಡು ಸೆಂಟಿಮೀಟರ್ ಒಳ್ಳೆಯ ಎಲುಬನ್ನೂ ಸೇರಿಸಿ ಕತ್ತರಿಸಿದರೆ ಮರುಕಳಿಕೆ ಹತ್ತರಲ್ಲಿ ಒಂದಕ್ಕಿಂತ ಕೆಳಗಿಳಿಯುತ್ತದೆ. ಗಡ್ಡೆ ಚಿಕ್ಕದಿದ್ದಾಗ ಹೀಗೆ ತೆಗೆದರೂ ದವಡೆಯ ಕೆಳ ಅಂಚು ಉಳಿಯುತ್ತದೆ, ಮುಖದ ಆಕಾರ ಉಳಿಯುತ್ತದೆ. ದೊಡ್ಡದಾಗಿದ್ದರೆ ಅರ್ಧ ದವಡೆಯೇ ಹೋಗಿ, ಕಾಲಿನ ಸಣ್ಣ ಎಲುಬನ್ನು ರಕ್ತನಾಳದ ಸಮೇತ ತಂದು ಜೋಡಿಸಬೇಕು. ಅಮೆರಿಕದ ಹಿಡಾಲ್ಗೊ 1989ರಲ್ಲಿ ಕೆಳದವಡೆಗೆ ಈ ವಿಧಾನ ವರದಿ ಮಾಡಿದ ಮೇಲೆ ಅದು ಜಗತ್ತಿನ ಎಲ್ಲೆಡೆ ಹರಡಿತು. ಈಗ ಸಿಟಿಯ ಮಾಹಿತಿಯಿಂದ ದವಡೆಯ ಪ್ಲಾಸ್ಟಿಕ್ ಮಾದರಿ ಮುದ್ರಿಸಿ, ಲೋಹದ ಪಟ್ಟಿಯನ್ನು ಮೊದಲೇ ಅದರ ಮೇಲೆ ಬಾಗಿಸಿಕೊಂಡು ಶಸ್ತ್ರಚಿಕಿತ್ಸೆಗೆ ಇಳಿಯುತ್ತಾರೆ. 2014ರಲ್ಲಿ ಅಮೆಲೊಬ್ಲಾಸ್ಟೋಮಾಗಳಲ್ಲಿ ಬಿಆರ್‌ಎಎಫ್ ಎಂಬ ವಂಶವಾಹಿಯ ರೂಪಾಂತರ ಪತ್ತೆಯಾಯಿತು. ಆ ರೂಪಾಂತರವನ್ನೇ ಗುರಿಯಾಗಿಸಿದ ಮಾತ್ರೆಗಳಿಂದ ಗಡ್ಡೆ ಕುಗ್ಗಿಸಿ, ಆಮೇಲೆ ಕಡಿಮೆ ಕತ್ತರಿಸುವ ಪ್ರಯತ್ನಗಳೂ ನಡೆದಿವೆ. ಕುಗ್ಗಿದೆಯೇ ಎಂದು ಅಳೆಯುವುದು ಮತ್ತೆ ಸ್ಕ್ಯಾನಿನಿಂದಲೇ.

ಗಾಯ ಮಾಸಿದ ಮೇಲೆ ಬಹಳ ಜನ ಆಸ್ಪತ್ರೆ ಮರೆಯುತ್ತಾರೆ. ಅಮೆಲೊಬ್ಲಾಸ್ಟೋಮಾ ಮರಳುವುದು ಹೆಚ್ಚಾಗಿ ಮೊದಲ ಐದು ವರ್ಷಗಳಲ್ಲಿ, ಆದರೆ ಹತ್ತು ವರ್ಷ ದಾಟಿದ ಮೇಲೂ ಬಂದದ್ದಿದೆ. ಹಾಗಾಗಿ ಡಾಕ್ಟರರು ಹೇಳಿದ ಅವಧಿಗೊಮ್ಮೆ ಓಪಿಜಿ ತೆಗೆಸಬೇಕು. ಮೊದಲ ದಿನದ ಫಿಲ್ಮನ್ನು, ಬಯಾಪ್ಸಿ ವರದಿಯನ್ನು ರೇಷನ್ ಕಾರ್ಡಿನ ಜೊತೆಗೆ ಜೋಪಾನವಾಗಿಟ್ಟುಕೊಳ್ಳುವುದು, ಮೊಬೈಲಿನಲ್ಲೂ ಒಂದು ಫೋಟೊ ಹಿಡಿದಿಟ್ಟುಕೊಳ್ಳುವುದು ಒಳ್ಳೆಯದು. ಊರು ಬದಲಾದರೂ, ಡಾಕ್ಟರರು ಬದಲಾದರೂ, ಹಳೆಯ ಚಿತ್ರದ ಪಕ್ಕ ಹೊಸದನ್ನು ಇಟ್ಟಾಗ ಅಲ್ಲಿ ಕಾಣುವ ಮಸುಕು ಶಸ್ತ್ರಚಿಕಿತ್ಸೆಯ ಕಲೆಯೋ ಮರುಹುಟ್ಟಿದ ಗಡ್ಡೆಯೋ ಎಂಬುದನ್ನು ಮತ್ತೊಂದು ಬಯಾಪ್ಸಿ ಇಲ್ಲದೆಯೂ ಎಷ್ಟೋ ಸಲ ಹೇಳಬಹುದು.